ಹೊಟ್ಟೆಯ ಹುಣ್ಣು ತೂತಾದಾಗ

ಕರುಳು ತೂತಾಗುವ ರೋಗವನ್ನು ನಮ್ಮ ಆಯುರ್ವೇದ ಗ್ರಂಥಗಳು ಛಿದ್ರೋದರವೆಂದು ಕರೆದಿವೆ. ತೂತಿನ ಅಂಚುಗಳನ್ನು ಕೂಡಿಸಿ ಕರಿ ಇರುವೆಗಳಿಂದ ಕಚ್ಚಿಸಿ, ಅವುಗಳ ತಲೆಯನ್ನು ಮಾತ್ರ ಹೊಲಿಗೆಯಂತೆ ಅಲ್ಲಿಯೇ ಬಿಡುವ ಕ್ರಮವನ್ನೂ ಹೇಳಿವೆ. ಆದರೆ ಆ ಕೈಚಳಕ ಮುಂದಿನವರಲ್ಲಿ ಬೆಳೆದು ಬರಲಿಲ್ಲ.

ಹೊಟ್ಟೆಹುಣ್ಣು ತೂತಾದೊಡನೆ ಚೂರಿಯಿಂದ ತಿವಿದಂಥ ನೋವು. ಹೊಟ್ಟೆ ಹಲಗೆಯಂತೆ ಗಟ್ಟಿ. ಕೆಲವು ಗಂಟೆಗಳ ಮೇಲೆ ನೋವು ತುಸು ಇಳಿಯುವುದೂ ಉಂಟು. ಓಮದ ನೀರು ಕುಡಿಸಿದ ಮನೆಯವರು ಗುಣವಾಯಿತೆಂದು ನಿಟ್ಟುಸಿರು ಬಿಡುವುದು ಆಗಲೇ. ಅದು ಗುಣವಲ್ಲ; ಒಳಗೆ ನಂಜು ಹರಡುತ್ತಿರುವ ಹೊತ್ತು. ತಡವಾದಷ್ಟೂ ಬದುಕುವ ಆಸೆ ಕಡಿಮೆ.

ಯೂರೋಪಿನಲ್ಲಿ 1880ರಲ್ಲಿ ಮಿಕುಲಿಚ್ ಎಂಬ ಶಸ್ತ್ರವೈದ್ಯರು ಇಂಥ ತೂತನ್ನು ಹೊಲಿದರು, ರೋಗಿ ಉಳಿಯಲಿಲ್ಲ. 1892ರಲ್ಲಿ ಜರ್ಮನಿಯ ಹೊಯ್ಸ್ನರ್ ಅವರ ರೋಗಿ ಬದುಕಿದ. ಆದರೂ ತೊಡಕೊಂದು ಉಳಿಯಿತು. ಹುಣ್ಣಿನ ಸುತ್ತಲಿನ ಗೋಡೆ ಬಾತು, ನೆನೆದ ಕಾಗದದಂತಾಗಿರುತ್ತದೆ. ದಾರ ಬಿಗಿದರೆ ಹರಿದು ತೂತು ಇನ್ನೂ ಅಗಲವಾದೀತು.

ಉಪಾಯ ಹೊಟ್ಟೆಯೊಳಗೇ ಇತ್ತು. ಕರುಳಿನ ಮುಂದೆ ಕೊಬ್ಬಿನ ತೆಳು ಪರದೆಯೊಂದು ಇಳಿಬಿದ್ದಿದೆ. ಅದರ ಹೆಸರು ವಪೆ. ಯಜ್ಞದ ವಪಾಹೋಮವನ್ನು ಕೇಳಿಬಲ್ಲವರಿಗೆ ಪದ ಹೊಸದಲ್ಲ. ಎಲ್ಲಿ ಉರಿಯೂತವೋ ಅಲ್ಲಿ ಹೋಗಿ ಅಂಟಿಕೊಳ್ಳುವುದು ಅದರ ಗುಣ. 1929ರಲ್ಲಿ ಸೆಲ್ಲನ್-ಜೋನ್ಸ್, 1937ರಲ್ಲಿ ಕೆನಡದ ರಾಸ್ಕೋ ಗ್ರಹಾಂ, ವಪೆಯ ತುಣುಕನ್ನು ತೂತಿನ ಮೇಲಿಟ್ಟು ದಾರವನ್ನು ಹಗುರವಾಗಿ ಕಟ್ಟುವ ಕ್ರಮವನ್ನು ವಿವರಿಸಿದರು. ಹರಿದ ಪಂಚೆಗೆ ತೇಪೆ ಹಾಕಿದಂತೆ, ಅಷ್ಟೆ! ಜೊತೆಗೆ ಹೊಟ್ಟೆಯನ್ನು ಚೆನ್ನಾಗಿ ತೊಳೆಯಬೇಕು.

ಮೈಸೂರಿಗೆ ಬರೋಣ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಇಲ್ಲಿಗೆ ಬಂದು, ಕೃಷ್ಣರಾಜೇಂದ್ರ ಆಸ್ಪತ್ರೆ ಅದರ ಪಾಠಶಾಲೆಯಾಯಿತು. ಅತ್ತ ಮಂಡಿ ಮೊಹಲ್ಲಾದಲ್ಲಿ, ಊರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ. 1950 ಮತ್ತು 60ರ ದಶಕಗಳಲ್ಲಿ ಅಲ್ಲಿದ್ದ ಶಸ್ತ್ರವೈದ್ಯ ಫ್ರಾಂಕ್ ಟೋವಿ ಅವರ ಗಮನವನ್ನು ಸಣ್ಣಕರುಳಿನ ಮೊದಲ ಭಾಗದ ಹುಣ್ಣು ಸೆಳೆಯಿತು. ಅನ್ನ ಉಣ್ಣುವ ದಕ್ಷಿಣದಲ್ಲಿ ಹೆಚ್ಚಾಗಿದ್ದ ಈ ಹುಣ್ಣು ಗೋಧಿ ತಿನ್ನುವ ಪಂಜಾಬಿನ ಕಡೆ ವಿರಳ. ಇಲ್ಲಿ ಹುಣ್ಣು ತೂತಾಗುವುದಕ್ಕಿಂತ, ಕಲೆಗಟ್ಟಿ ಅನ್ನದ ದಾರಿಯನ್ನೇ ಮುಚ್ಚುವುದು ಹೆಚ್ಚೆಂಬುದೂ ತಿಳಿದುಬಂತು. ಕತ್ತರಿ ಹಿಡಿದವರು ಹೀಗೆ ರೋಗಿಯ ತಟ್ಟೆಯನ್ನು ನೋಡತೊಡಗಿದ್ದು ನನಗೆ ಬಹು ದೊಡ್ಡ ಮಾತೆನಿಸುತ್ತದೆ. ಭಾರತ, ಬಾಂಗ್ಲಾದೇಶಗಳ ಹುಣ್ಣಿನ ವಿಚಾರವಾಗಿ ಅವರ ದೀರ್ಘ ಲೇಖನ 1979ರಲ್ಲಿ ಪ್ರಕಟವಾಯಿತು. ಮುಂದೆ ಅವರೂ ಜೊತೆಗಾರರೂ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ನಮ್ಮ ಹುರುಳಿಕಾಳಿನ ಕೊಬ್ಬಿನಂಶ ಹುಣ್ಣನ್ನು ತಡೆಯುವುದು ಕಂಡುಬಂತು. ಹುರುಳಿಯನ್ನು ಕುದುರೆಗೆ ಬಿಟ್ಟ ಪಟ್ಟಣಿಗರು ಕೇಳಬೇಕಾದ ಸುದ್ದಿ.

1982ರಲ್ಲಿ ಆಸ್ಟ್ರೇಲಿಯದ ಮಾರ್ಷಲ್ ಮತ್ತು ವಾರೆನ್ ಹೆಲಿಕೊಬ್ಯಾಕ್ಟರ್ ಎಂಬ ಕ್ರಿಮಿಯನ್ನು ಹಿಡಿದು ತೋರಿಸಿದರು. 2005ರಲ್ಲಿ ನೊಬೆಲ್ ಪಡೆದರು. ಹುಣ್ಣಿಗೆ ಔಷಧ ಸಿಕ್ಕಿತು. ಆದರೆ ಟೋವಿ ಪೂರ್ತಿ ಒಪ್ಪಲಿಲ್ಲ: ಹುಣ್ಣು ಹೆಚ್ಚಿರುವ ಸೀಮೆಯಲ್ಲೂ ಕಡಿಮೆ ಇರುವ ಸೀಮೆಯಲ್ಲೂ ಕ್ರಿಮಿ ಒಂದೇ ಸಮ ಇದೆಯಲ್ಲ, ವ್ಯತ್ಯಾಸವನ್ನು ಊಟವೇ ತರುತ್ತಿರಬೇಕು ಎಂಬುದು ಅವರ ವಾದ. ಈಗ ಕೀಲುನೋವಿಗೆ ನುಂಗುವ ಗುಳಿಗೆಗಳಿಂದಲೂ, ಮುಖ್ಯವಾಗಿ ವಯಸ್ಸಾದವರಲ್ಲಿ, ಹುಣ್ಣು ತೂತಾಗುವುದುಂಟು. 1990ರಿಂದೀಚೆಗೆ ಸಣ್ಣ ರಂಧ್ರಗಳ ಮೂಲಕ ನಳಿಗೆ ಇಳಿಸಿ ರಿಪೇರಿ ಮಾಡುವುದೂ ಸಾಧ್ಯವಾಗಿದೆ. ತೇಪೆ ಮಾತ್ರ ಅದೇ ವಪೆಯದು.