ಪರದೇಶದಲ್ಲಿ ತಾಯ್ನುಡಿ: ಕವಿ ಬಾಬರ

ಬಾಬರನ ಹೆಸರನ್ನು ಕೇಳದ ವಿದ್ಯಾವಂತರು ನಮ್ಮಲ್ಲಿ ವಿರಳ. ಕ್ರಿ.ಶ. ೧೫೨೬ನೆಯ ಏಪ್ರಿಲ್ ೨೦ರಂದು ಪಾಣಿಪತದ ಬಯಲಿನಲ್ಲಿ ಇಬ್ರಾಹೀಮ್ ಲೋದಿಯನ್ನು ಗೆದ್ದು, ಮೊಗಲ್ ಸಾಮ್ರಾಜ್ಯಕ್ಕೆ ಅಸ್ತಿಭಾರವನ್ನು ಹಾಕಿದವನು ಇವನೆಂಬುದನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಇವನು ಹುಟ್ಟಿದ ಸೀಮೆಯವರು, ಎಂದರೆ ಈಗಿನ ಉಜ್ಬೇಕಿಸ್ತಾನದ ಜನರು, ಇವನನ್ನು ದೊರೆಯೆಂದು ಮಾತ್ರವೇ ಅಲ್ಲದೆ ತಮ್ಮ ಸಾಹಿತ್ಯದ ಪೂರ್ವಕವಿಗಳಲ್ಲಿ ಒಬ್ಬನೆಂದೂ ಗೌರವಿಸುತ್ತಾರೆ. ನಮಗೆ ಪರಿಚಿತನಾದವನು ಖಡ್ಗಧಾರಿಯಾದ ಬಾಬರ. ಅವರಿಗೆ ಪ್ರಿಯನಾದವನು ಲೇಖನಿಯನ್ನು ಹಿಡಿದ ಬಾಬರ.

ಇದರಲ್ಲಿ ಒಂದು ವೈಚಿತ್ರ್ಯವುಂಟು. ಬಾಬರನನ್ನು ತಾಯ್ನಾಡಿನಿಂದ ಓಡಿಸಿದವರು ಉಜ್ಬೇಕರೆಂಬ ಹೆಸರಿನವರೇ. ಹಿಂದುಸ್ಥಾನದಲ್ಲಿ ಅವನು ಕಟ್ಟಿದ ರಾಜ್ಯಕ್ಕೆ ಮೊಗಲರದೆಂಬ ಹೆಸರು ಬಂದಿತು. ಆ ಮೊಗಲರನ್ನು ಕುರಿತು ಅವನು ತನ್ನ ಗ್ರಂಥದಲ್ಲಿ ಒಳ್ಳೆಯ ಮಾತನ್ನಾಡಿರುವುದು ಅಪರೂಪ. ಅವನ ತಾಯಿ ಮಂಗೋಲರ ಖಾನನ ಮಗಳಾಗಿದ್ದರೂ ಅವನು ತನ್ನನ್ನು ತುರ್ಕನೆಂದೇ ಎಣಿಸಿಕೊಂಡಿದ್ದನು. ಹೀಗೆ ಅವನ ತಾಯ್ನಾಡು ಇಂದು ಹೊತ್ತಿರುವುದು ಅವನ ಶತ್ರುಗಳ ಹೆಸರನ್ನು. ಅವನ ವಂಶಕ್ಕೆ ಅಂಟಿಕೊಂಡಿರುವುದು ಅವನಿಗೆ ಸೇರದವರ ಹೆಸರು. ಹಾಗಾದರೆ ಅವನ ನಿಜವಾದ ಗುರುತು ಯಾವುದು? ಅದನ್ನು ಅವನ ಬರಹದಲ್ಲಿ ಹುಡುಕಬೇಕಲ್ಲದೆ ಜನಾಂಗದ ಹೆಸರುಗಳಲ್ಲಿ ಅಲ್ಲವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಬಾಬರನು ಹುಟ್ಟಿದುದು ೧೪೮೩ನೆಯ ಫೆಬ್ರವರಿ ೧೪ರಂದು, ಫರ್ಗಾನಾ ಕಣಿವೆಯ ಅಂದಿಜಾನ್ ಪಟ್ಟಣದಲ್ಲಿ. ತಂದೆಯಾದ ಉಮರ್ ಶೇಖ್ ಮಿರ್ಜಾ ತೈಮೂರನ ವಂಶದವನು. ೧೪೯೪ರಲ್ಲಿ ಆತನು ಪಾರಿವಾಳದ ಗೂಡುಮನೆಯೊಡನೆ ಕಂದರಕ್ಕೆ ಬಿದ್ದು ಮಡಿಯಲು, ಹನ್ನೊಂದು ವರ್ಷಗಳನ್ನು ದಾಟಿದ್ದ ಹುಡುಗನ ಮೇಲೆ ರಾಜ್ಯಭಾರವು ಬಿದ್ದಿತು. ತನ್ನ ಊರನ್ನು ವರ್ಣಿಸುವಾಗ ಬಾಬರನು ಅಲ್ಲಿಯ ಹಣ್ಣುಗಳನ್ನೂ ನೀರನ್ನೂ ಹೇಳಿ, ಕೂಡಲೇ ಅಲ್ಲಿಯ ಭಾಷೆಯ ಮಾತನ್ನೆತ್ತುತ್ತಾನೆ. ಅಂದಿಜಾನದ ಪೇಟೆಬೀದಿಯಲ್ಲಿ ತುರ್ಕಿಯನ್ನರಿಯದವರೇ ಇಲ್ಲವೆಂದೂ, ಅಲ್ಲಿಯ ಆಡುಮಾತು ಗ್ರಂಥಭಾಷೆಗೆ ಸಮೀಪವಾದುದೆಂದೂ, ಹೆರಾತಿನಲ್ಲಿ ಬೆಳೆದ ಮಹಾಕವಿ ಅಲೀಷೇರ್ ನವಾಯಿಯ ಕೃತಿಗಳು ಕೂಡ ಇದೇ ನುಡಿಯಲ್ಲಿರುವುವೆಂದೂ ಹೆಮ್ಮೆಯಿಂದ ಬರೆದಿದ್ದಾನೆ.

ಈ ಹೆಮ್ಮೆಯ ಅರ್ಥವನ್ನು ತಿಳಿಯಲು ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೋಡಬೇಕು. ಮಧ್ಯ ಏಷ್ಯದ ಆಸ್ಥಾನಗಳಲ್ಲಿ ಕಾವ್ಯಕ್ಕೂ ಕಾರ್ಯಾಲಯಕ್ಕೂ ಪಾರಸಿಯೇ ಪ್ರೌಢಭಾಷೆಯಾಗಿದ್ದಿತು. ತುರ್ಕಿಯು ಮನೆಯ ಮತ್ತು ದಂಡಿನ ಮಾತೆಂದು ಎಣಿಸಲ್ಪಟ್ಟಿತ್ತು. ನವಾಯಿಯು ಈ ಅಭಿಪ್ರಾಯವನ್ನು ತನ್ನ ಕಾವ್ಯರಾಶಿಯಿಂದಲೇ ಖಂಡಿಸಿದನಲ್ಲದೆ, ೧೪೯೯ರಲ್ಲಿ ಎರಡು ಭಾಷೆಗಳನ್ನೂ ತೂಗಿನೋಡಿ ತುರ್ಕಿಯ ಹಿರಿಮೆಯನ್ನು ಸ್ಥಾಪಿಸುವ ಒಂದು ಗ್ರಂಥವನ್ನೂ ರಚಿಸಿದನು. ತರುಣನಾದ ಬಾಬರನಿಗೆ ಈತನೇ ಆದರ್ಶ. ೧೫೦೦ನೆಯ ವರ್ಷದ ಕೊನೆಗೆ ಬಾಬರನು ಕೇವಲ ೨೪೦ ಜನರೊಡನೆ ಸಮರ್ಕಂದ ನಗರವನ್ನು ಹಿಡಿದಾಗ ಅವನಿಗೆ ನವಾಯಿಯಿಂದ ಒಂದು ಪತ್ರವು ಬಂದಿತು. ಬಾಬರನು ಉತ್ತರವನ್ನು ಬರೆದು, ಅದರ ಹಿಂಬದಿಯಲ್ಲಿ ತಾನು ಕಟ್ಟಿದ ತುರ್ಕಿ ದ್ವಿಪದಿಯೊಂದನ್ನು ಸೇರಿಸಿ ಕಳುಹಿಸಿದನು. ಅದಕ್ಕೆ ಮರುಮಾತು ಬರಲಿಲ್ಲ. ೧೫೦೧ರ ಜನವರಿಯಲ್ಲಿ ನವಾಯಿಯು ಕಾಲವಾದನು. ಅದೇ ವರ್ಷ ಬಾಬರನು ಸಮರ್ಕಂದವನ್ನೂ ಕಳೆದುಕೊಂಡನು.

ಅವನನ್ನು ಅಲ್ಲಿಂದ ಹೊರಡಿಸಿದವನು ಉಜ್ಬೇಕರ ನಾಯಕನಾದ ಶೈಬಾನಿ ಖಾನ್. ಮುತ್ತಿಗೆಯಲ್ಲಿ ನಗರವು ಹಸಿವಿನಿಂದ ನರಳಿತು. ಬಾಬರನ ಅಕ್ಕ ಖಾನ್‌ಜಾದಾ ಬೇಗಮಳು ಶತ್ರುವಿನ ಕೈವಶಳಾದಳು. ಈ ಅಪಮಾನವನ್ನು ಬಾಬರನು ಎಂದಿಗೂ ಮರೆಯಲಿಲ್ಲ. ಶೈಬಾನಿಯ ಕವಿತ್ವವನ್ನು ಕುರಿತು ಅವನು ತಿರಸ್ಕಾರದ ಮಾತನ್ನಾಡಿದ್ದಾನೆ. ಆದರೂ ಇತಿಹಾಸವು ಒಪ್ಪತಕ್ಕ ಸಂಗತಿಯೊಂದಿದೆ: ಶೈಬಾನಿಯೂ ತುರ್ಕಿಯಲ್ಲಿಯೇ ಪದ್ಯಗಳನ್ನು ಬರೆದನು. ರಾಜ್ಯಕ್ಕಾಗಿ ಹೊಡೆದಾಡಿದ ಇಬ್ಬರೂ ಹಾಡಿದುದು ಒಂದೇ ಸಾಹಿತ್ಯಭಾಷೆಯಲ್ಲಿ. ಮುಂದೆ ಅವರಿಬ್ಬರ ಜನರು ಒಂದೇ ಹೆಸರಿನವರಾದುದರ ಬೀಜವು ಇಲ್ಲಿಯೇ ಅಡಗಿದೆ.

೧೫೦೪ರಲ್ಲಿ ಬಾಬರನು ಹಿಂದೂಕುಶ ಪರ್ವತವನ್ನು ದಾಟಿ ಕಾಬೂಲನ್ನು ವಶಪಡಿಸಿಕೊಂಡನು. ೧೫೧೧ರಲ್ಲಿ ಇರಾನಿನ ಷಾ ಇಸ್ಮಾಯಿಲನ ನೆರವಿನಿಂದ ಮತ್ತೊಮ್ಮೆ ಸಮರ್ಕಂದವನ್ನು ಹೊಕ್ಕರೂ, ಮರುವರ್ಷವೇ ಸೋತು ಹಿಂದಿರುಗಬೇಕಾಯಿತು. ಅಲ್ಲಿಂದ ಮುಂದೆ ಅವನ ಬಾಳೆಲ್ಲವೂ ಪರದೇಶದಲ್ಲಿಯೇ. ಕಾಬೂಲಿನ ಸೀಮೆಯಲ್ಲಿ ಹತ್ತು ಹನ್ನೆರಡು ಭಾಷೆಗಳು ನಡೆಯುತ್ತಿದ್ದುವೆಂದು ಅವನೇ ಬರೆದಿದ್ದಾನೆ. ಪಾರಸಿಯು ಅವನಿಗೆ ಚೆನ್ನಾಗಿ ಬರುತ್ತಿದ್ದಿತು. ಅದರಲ್ಲಿ ಪದ್ಯಗಳನ್ನೂ ಕಟ್ಟಿದನು. ಕೀರ್ತಿಯೊಂದನ್ನೇ ಬಯಸಿದ್ದರೆ ಪಾರಸಿಯೇ ಸುಲಭವಾದ ದಾರಿಯಾಗಿದ್ದಿತು. ಆದರೆ ಅವನು ಪ್ರಯಾಸದ ಕೆಲಸಗಳನ್ನೆಲ್ಲ ತುರ್ಕಿಗಾಗಿಯೇ ಮೀಸಲಿಟ್ಟನು. ತನ್ನ ಹೆಸರಿನಿಂದ ಒಂದು ಹೊಸ ಲಿಪಿಯನ್ನು ಕಲ್ಪಿಸಿದನು. ಧರ್ಮಶಾಸ್ತ್ರದ ವಿಧಿಗಳನ್ನು ‘ಮುಬಯ್ಯಿನ್’ ಎಂಬ ತುರ್ಕಿ ಪದ್ಯಗ್ರಂಥದಲ್ಲಿ ಅಳವಡಿಸಿದನು. ಛಂದಸ್ಸನ್ನು ಕುರಿತು ಒಂದು ಶಾಸ್ತ್ರಗ್ರಂಥವನ್ನು ಬರೆದನು. ತನ್ನದೊಂದು ದ್ವಿಪದಿಯನ್ನು ೫೦೪ ಬಗೆಯ ಛಂದೋಗತಿಗಳಲ್ಲಿ ವಿಂಗಡಿಸಿ ತೋರಿಸಿದನೆಂಬುದನ್ನು ನೋಡಿದರೆ, ಇದು ದೊರೆಯೊಬ್ಬನ ಬಿಡುವಿನ ವಿನೋದವಲ್ಲ, ವಿದ್ವಾಂಸನ ಕಾರ್ಯವೆಂದು ಸ್ಪಷ್ಟವಾಗುವುದು.

ಹಿಂದುಸ್ಥಾನಕ್ಕೆ ಬಂದ ಮೇಲೆ ಬಾಬರನ ಪರದೇಶವಾಸವು ಇನ್ನೂ ತೀಕ್ಷ್ಣವಾಯಿತು. ಇಲ್ಲಿ ಒಳ್ಳೆಯ ಕುದುರೆಗಳಿಲ್ಲ, ದ್ರಾಕ್ಷಿಯಿಲ್ಲ, ಕರಬೂಜವಿಲ್ಲ, ಮಂಜುಗಡ್ಡೆಯಿಲ್ಲ ಎಂದು ಅವನು ಹೇಳಿದ ಕೊರತೆಗಳ ಪಟ್ಟಿಯು ಪ್ರಸಿದ್ಧವೇ ಆಗಿದೆ. ಅದನ್ನು ಓದಿ ನಮ್ಮವರು ಮುನಿಯುವುದೂ ಸಹಜವೇ. ಆದರೆ ಅದೇ ಬಾಬರನು ಇಲ್ಲಿಯ ಪಶುಪಕ್ಷಿಗಳನ್ನೂ ಹೂವುಹಣ್ಣುಗಳನ್ನೂ ಒಂದೊಂದಾಗಿ ನೋಡಿ ವರ್ಣಿಸಿದ್ದಾನೆ. ಮಳೆಗಾಲದ ಗಾಳಿಯನ್ನು ಹೊಗಳಿದ್ದಾನೆ. ಕುಶಲ ಕೆಲಸಗಾರರಿಗೆ ಇಲ್ಲಿ ಲೆಕ್ಕವೇ ಇಲ್ಲವೆಂದು ಬೆರಗಾಗಿದ್ದಾನೆ. ಈ ದೇಶದ ಅರಸರನ್ನು ಎಣಿಸುವಾಗ, ಹಿಂದೂ ರಾಜರಲ್ಲಿ ಸೀಮೆಯಿಂದಲೂ ಸೈನ್ಯದಿಂದಲೂ ವಿಜಯನಗರದ ರಾಯನೇ ಹಿರಿಯನೆಂದು ಬರೆದಿರುವುದು ಕನ್ನಡಿಗರು ನೆನೆಯತಕ್ಕ ಮಾತು. ಆಗ ಅಲ್ಲಿ ಆಳುತ್ತಿದ್ದವನು ಕೃಷ್ಣದೇವರಾಯ. ಅವನ ಪದ್ಯಗಳ ಸಂಗ್ರಹವೊಂದರಲ್ಲಿ ಹಿಂದಿಯ ಮಾತುಗಳನ್ನು ತುರ್ಕಿಯೊಡನೆ ಬೆರೆಸಿ ಕಟ್ಟಿದ ಒಂದು ದ್ವಿಪದಿಯೂ ಇದೆ. ಹೊಸ ನಾಡಿನ ನುಡಿಗೆ ಅವನು ಕಿವಿಯನ್ನು ಮುಚ್ಚಿಕೊಂಡಿರಲಿಲ್ಲ.

ಆದರೂ ಮನಸ್ಸು ಹಿಂದಕ್ಕೆ ಎಳೆಯುತ್ತಿದ್ದಿತು. ಆಪ್ತನಾದ ಖ್ವಾಜಾ ಕಲಾನನು ಇಲ್ಲಿಯ ಸೆಕೆಯನ್ನು ತಾಳಲಾರದೆ ಕಾಬೂಲಿನ ಕಡೆಗೆ ಹೊರಟುಹೋದನು. ಹೋಗುವಾಗ ಹಿಂದುಸ್ಥಾನವನ್ನು ಹಳಿಯುವ ಪದ್ಯವೊಂದನ್ನು ಗೋಡೆಯ ಮೇಲೆ ಬರೆದುಹೋದನೆಂದು ಬಾಬರನಿಗೆ ಕೋಪವೂ ಬಂದಿತು. ಆದರೆ ೧೫೨೯ರ ಫೆಬ್ರವರಿಯಲ್ಲಿ ಅದೇ ಗೆಳೆಯನಿಗೆ ಬರೆದ ಪತ್ರದಲ್ಲಿ, ಯಾರೋ ತಂದುಕೊಟ್ಟ ಕರಬೂಜದ ಹಣ್ಣನ್ನು ಕೊಯ್ದು ತಿನ್ನುವಾಗ ತನಗೆ ಅಳು ಬಂದುದನ್ನು ಅವನು ಮುಚ್ಚಿಡದೆ ತಿಳಿಸಿದ್ದಾನೆ. ಸಾಮ್ರಾಜ್ಯವನ್ನು ಗೆದ್ದವನು ಹಣ್ಣಿನ ಹೋಳಿಗೆ ಕಣ್ಣೀರಿಟ್ಟನು. ಅದನ್ನು ಬರೆದಿಡಲು ನಾಚಲಿಲ್ಲ.

ಈ ನಿಸ್ಸಂಕೋಚವಾದ ಸರಳತೆಯೇ ಅವನ ಗದ್ಯದ ಜೀವ. ೧೫೨೮ರ ನವೆಂಬರಿನಲ್ಲಿ ಮಗನಾದ ಹುಮಾಯೂನನಿಗೆ ಬರೆದ ಕಾಗದದಲ್ಲಿ ಅವನು ರಾಜಕಾರ್ಯಗಳ ನಡುವೆಯೇ ಮಗನ ಬರವಣಿಗೆಯನ್ನು ತಿದ್ದುತ್ತಾನೆ. ಅಕ್ಷರದ ತಪ್ಪುಗಳನ್ನು ಎತ್ತಿ ತೋರಿಸಿ, ಆಡಂಬರದ ಮಾತುಗಳಿಂದ ಅರ್ಥವು ಮಸುಕಾಗಿದೆಯೆಂದು ಗದರಿಸಿ, ಇನ್ನು ಮುಂದೆ ಸುಲಭವಾದ ತಿಳಿಮಾತುಗಳಲ್ಲಿ ಬರೆದರೆ ಬರೆಯುವವನಿಗೂ ಓದುವವನಿಗೂ ಶ್ರಮವು ಕಡಮೆಯೆಂದು ಬೋಧಿಸುತ್ತಾನೆ. ಅದೇ ತಿಂಗಳಲ್ಲಿ ಕಾಯಿಲೆಯಿಂದ ಮಲಗಿದ್ದಾಗ, ಗುಣವಾಗಲೆಂಬ ಹರಕೆಯಿಂದ, ಸಮರ್ಕಂದದ ಪೂಜ್ಯಗುರು ಖ್ವಾಜಾ ಅಹ್ರಾರನ ಪಾರಸಿ ಗ್ರಂಥವೊಂದನ್ನು ತುರ್ಕಿ ಪದ್ಯಕ್ಕೆ ತಿರುಗಿಸಿದನು. ಹಿಂದುಸ್ಥಾನದಲ್ಲಿ ರಚಿಸಿದ ಈ ಪದ್ಯಗಳ ಒಂದು ಸಂಪುಟವು ಅವನ ಕೈಬರಹದ ಸಾಲುಗಳೊಡನೆ ರಾಮಪುರದ ರಜಾ ಗ್ರಂಥಾಲಯದಲ್ಲಿ ಉಳಿದುಬಂದಿದೆ.

೧೫೨೯ರ ಮೇ ತಿಂಗಳಲ್ಲಿ, ಪೂರ್ವದೇಶದ ದಂಡಯಾತ್ರೆಯ ಕಾಲದಲ್ಲಿ, ಒಂದು ರಾತ್ರಿ ಅವನು ಬರೆಯುತ್ತ ಕುಳಿತಿದ್ದಾಗ ಬಿರುಗಾಳಿಯೆದ್ದು ಡೇರೆಯು ಅವನ ಮೇಲೆಯೇ ಕುಸಿಯಿತು. ಪುಸ್ತಕದ ಹಾಳೆಗಳೆಲ್ಲ ನೀರಿನಲ್ಲಿ ತೊಯ್ದುವು. ಚದುರಿದ ಹಾಳೆಗಳನ್ನು ಆಯ್ದು, ಉಣ್ಣೆಯ ಹಾಸಿನಲ್ಲಿಟ್ಟು, ಮೇಲೆ ಕಂಬಳಿಗಳನ್ನು ಹೊದಿಸಿ, ಬಳಿಕ ಬೆಂಕಿಯನ್ನು ಹೊತ್ತಿಸಿ ಬೆಳಗಾಗುವವರೆಗೆ ಅವುಗಳನ್ನು ಒಣಗಿಸುತ್ತ ಎಚ್ಚರವಾಗಿದ್ದನೆಂದು ಅವನೇ ಬರೆದಿದ್ದಾನೆ. ಅವನಿಗೆ ಯಾವುದು ಆಸ್ತಿಯಾಗಿದ್ದಿತೆಂಬುದನ್ನು ಈ ಒಂದು ರಾತ್ರಿಯ ವೃತ್ತಾಂತವು ಚೆನ್ನಾಗಿ ತಿಳಿಸುವುದು.

ಇಷ್ಟನ್ನು ಹೇಳಿದ ಮಾತ್ರಕ್ಕೆ ಬಾಬರನ ಕ್ರೌರ್ಯವನ್ನು ಮರೆಮಾಡಿದಂತೆ ಆಗಬಾರದು. ಸೋತವರ ತಲೆಗಳನ್ನು ಗೋಪುರವಾಗಿ ಒಟ್ಟಿಸಿದುದನ್ನೂ ಅವನು ತೋಟಗಳ ಮಾತನ್ನು ಹೇಳಿದಷ್ಟೇ ಸಹಜವಾಗಿ ಬರೆದಿದ್ದಾನೆ. ಕವಿತ್ವವು ಅಂತಹ ಕೃತ್ಯಗಳಿಗೆ ಪರಿಹಾರವಲ್ಲ. ಇತಿಹಾಸವನ್ನು ಓದುವವರು ಎರಡನ್ನೂ ಒಟ್ಟಿಗೆ ನೋಡಬೇಕು. ಎರಡನ್ನೂ ನೋಡಲು ನಮಗೆ ಸಾಧನವನ್ನು ಒದಗಿಸಿದವನೂ ಅವನೇ.

೧೫೩೦ನೆಯ ಡಿಸೆಂಬರ್ ೨೬ರಂದು ಬಾಬರನು ಆಗ್ರಾದಲ್ಲಿ ತೀರಿಕೊಂಡನು. ಮೊದಲು ಅಲ್ಲಿಯೇ ಹೂಳಿದ ದೇಹವನ್ನು ಕೆಲವು ವರ್ಷಗಳ ತರುವಾಯ ಕಾಬೂಲಿಗೆ ಒಯ್ದು, ಅವನಿಗೆ ಪ್ರಿಯವಾದ ತೋಟದಲ್ಲಿ ಸಮಾಧಿ ಮಾಡಿದರು. ದೇಹವು ಹಿಂದಿರುಗಿದುದು ಕಾಬೂಲಿನವರೆಗೆ ಮಾತ್ರ; ಅಂದಿಜಾನಿಗೆ ಹೋಗಲಿಲ್ಲ. ಅವನ ನುಡಿಯ ಗತಿಯೇನಾಯಿತು? ಮಗಳು ಗುಲ್‌ಬದನ್ ಬೇಗಮಳು ತಂದೆಯನ್ನೂ ಅಣ್ಣನನ್ನೂ ಕುರಿತು ಬರೆದ ಚರಿತ್ರೆಯು ಪಾರಸಿಯಲ್ಲಿದೆ. ಮೊಮ್ಮಗ ಅಕ್ಬರನ ಕಾಲಕ್ಕೆ ಆಸ್ಥಾನವೆಲ್ಲವೂ ಪಾರಸಿಮಯವಾಗಿ, ‘ಬಾಬರ್‌ನಾಮಾ’ವನ್ನು ಅಬ್ದುರ್ ರಹೀಮ್ ಖಾನ್‌ಖಾನಾನನು ಪಾರಸಿಗೆ ಭಾಷಾಂತರಿಸಿ ೧೫೮೯ರಲ್ಲಿ ಅರ್ಪಿಸಬೇಕಾಯಿತು. ಮರಿಮಗ ಜಹಾಂಗೀರನು ೧೬೦೭ರಲ್ಲಿ ಕಾಬೂಲಿನಲ್ಲಿ ಮುತ್ತಜ್ಜನ ಕೈಬರಹದ ಪ್ರತಿಯನ್ನು ನೋಡಿ, ಅದರಲ್ಲಿ ತಾನು ಬರೆದು ಸೇರಿಸಿದ ಭಾಗಗಳ ಕೊನೆಗೆ ತುರ್ಕಿಯಲ್ಲಿ ಒಂದು ಮಾತನ್ನು ಬರೆದನು. ತಾನು ಹಿಂದುಸ್ಥಾನದಲ್ಲಿ ಬೆಳೆದವನಾದರೂ ತುರ್ಕಿಯನ್ನು ಅರಿಯದವನಲ್ಲವೆಂದು ತೋರಿಸುವುದಕ್ಕಾಗಿ ಹಾಗೆ ಮಾಡಿದೆನೆಂದು ಅವನೇ ಹೇಳಿಕೊಂಡಿದ್ದಾನೆ. ಮುತ್ತಜ್ಜನಿಗೆ ಉಸಿರಾಗಿದ್ದ ಭಾಷೆಯು ಮರಿಮಗನಿಗೆ ಸಾಕ್ಷ್ಯವನ್ನು ಕೊಟ್ಟು ಸಮರ್ಥಿಸಿಕೊಳ್ಳಬೇಕಾದ ವಿದ್ಯೆಯಾಯಿತು. ಆ ಸ್ವಹಸ್ತದ ಪ್ರತಿಯು ಈಗ ದೊರೆಯುವುದಿಲ್ಲ.

ಗ್ರಂಥವು ಮಾತ್ರ ಉಳಿಯಿತು. ಅದನ್ನು ಇಂಗ್ಲಿಷಿಗೆ ತರಲು ತೊಡಗಿದವರಲ್ಲಿ ಮೊದಲಿಗನಾದ ಜಾನ್ ಲೇಡನ್ನನು, ಟಿಪ್ಪುವಿನ ಪತನಾನಂತರ ಕಾಲಿನ್ ಮೆಕೆಂಜಿಯು ನಡೆಯಿಸಿದ ಮೈಸೂರು ಸೀಮೆಯ ಮೋಜಣಿಯಲ್ಲಿ ವೈದ್ಯನಾಗಿದ್ದು ನಮ್ಮ ನಾಡಿನಲ್ಲಿ ಸಂಚರಿಸಿದವನು. ಅವನು ೧೮೧೧ರಲ್ಲಿ ಜಾವಾದಲ್ಲಿ ಮಡಿಯಲು, ವಿಲಿಯಂ ಅರ್ಸ್ಕಿನ್ನನು ಕೆಲಸವನ್ನು ಮುಗಿಸಿ ೧೮೨೬ರಲ್ಲಿ ಅಚ್ಚು ಹಾಕಿಸಿದನು. ಬಳಿಕ ಹೈದರಾಬಾದಿನ ಸಾಲಾರ್ ಜಂಗರ ಭಂಡಾರದಲ್ಲಿ ತುರ್ಕಿ ಮೂಲದ ಉತ್ತಮವಾದ ಹಸ್ತಪ್ರತಿಯೊಂದು ದೊರೆಯಿತು. ಶ್ರೀಮತಿ ಆನೆಟ್ ಬೆವರಿಜರು ಅದರ ಪಡಿಯಚ್ಚನ್ನು ೧೯೦೫ರಲ್ಲಿ ಹೊರಡಿಸಿ, ಅನೇಕ ವರ್ಷಗಳ ಶ್ರಮದಿಂದ ಮೂಲದಿಂದಲೇ ಹೊಸ ಭಾಷಾಂತರವನ್ನು ಮಾಡಿದರು. ಅಂದಿಜಾನದ ನುಡಿಯು ದಕ್ಷಿಣ ದೇಶದ ಒಂದು ಪೆಟ್ಟಿಗೆಯಲ್ಲಿ ಕಾಪಾಡಲ್ಪಟ್ಟಿತ್ತು.

ಇತ್ತ ಮಧ್ಯ ಏಷ್ಯದಲ್ಲಿ ಶೈಬಾನಿಯ ಜನರು ಅಲ್ಲಿಯ ಹಳೆಯ ನಿವಾಸಿಗಳೊಡನೆ ಬೆರೆತು ನೆಲೆಸಿದರು. ೧೯೨೪ರಲ್ಲಿ ಸೋವಿಯತ್ ಆಡಳಿತವು ಅಲ್ಲಿ ಉಜ್ಬೇಕ್ ಗಣರಾಜ್ಯವನ್ನು ಏರ್ಪಡಿಸಿದಾಗ, ನವಾಯಿ ಮತ್ತು ಬಾಬರರ ತುರ್ಕಿಗೆ ಹಳೆಯ ಉಜ್ಬೇಕ್ ಭಾಷೆಯೆಂಬ ಹೆಸರಾಯಿತು. ೧೯೯೧ರಲ್ಲಿ ಆ ದೇಶವು ಸ್ವತಂತ್ರವಾದ ಮೇಲೆ ಬಾಬರನ ಗೌರವವು ಮತ್ತಷ್ಟು ಹೆಚ್ಚಿತು. ಅಂದಿಜಾನದ ವಿಶ್ವವಿದ್ಯಾಲಯವು ಇಂದು ಅವನ ಹೆಸರನ್ನೇ ಹೊತ್ತಿದೆ. ಬಾಬರನು ಬದುಕಿದ್ದು ತನ್ನನ್ನು ಉಜ್ಬೇಕನೆಂದು ಕರೆಯುವುದನ್ನು ಕೇಳಿದ್ದರೆ ಸಿಟ್ಟಾಗುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ. ಆದರೆ ತನ್ನ ಪದ್ಯಗಳನ್ನು ಅಂದಿಜಾನದ ಮಕ್ಕಳು ತಮ್ಮದೆಂದು ಕಲಿಯುವುದನ್ನು ಕಂಡಿದ್ದರೆ, ಆ ಸಿಟ್ಟು ಬಹಳ ಹೊತ್ತು ನಿಲ್ಲುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಜನಾಂಗದ ಹೆಸರುಗಳು ಗೆದ್ದವರೊಡನೆ ಬರುವುವು, ಆಳುವವರೊಡನೆ ಬದಲಾಗುವುವು. ನುಡಿಯ ಸಂಬಂಧವು ಅಷ್ಟು ಸುಲಭವಾಗಿ ಕಡಿಯುವುದಿಲ್ಲ. ಆದರೆ ಅದು ತಾನಾಗಿಯೂ ಉಳಿಯುವುದಿಲ್ಲ. ಸಾಮ್ರಾಜ್ಯದ ಒಡೆಯರಾಗಿದ್ದ ಬಾಬರನ ವಂಶದವರಲ್ಲಿ ಅದು ಕೆಲವೇ ತಲೆಮಾರುಗಳಲ್ಲಿ ತೆಳುವಾಯಿತು; ಅವನು ಎಂದೂ ಮರಳಿ ಕಾಣದ ಊರಿನಲ್ಲಿ ಐದು ನೂರು ವರ್ಷಗಳ ಮೇಲೆಯೂ ಬಾಳುತ್ತಿದೆ. ಮಕ್ಕಳನ್ನು ದೂರದೇಶಗಳಿಗೆ ಕಳುಹಿಸಿರುವ ಮನೆಗಳು ಈಗ ನಮ್ಮಲ್ಲಿಯೂ ಅನೇಕವಿರುವುವು. ರಾಜ್ಯವನ್ನು ಆಳುತ್ತಿದ್ದ ದೊರೆಯು ಮಗನ ಕಾಗದದಲ್ಲಿ ತಾಯ್ನುಡಿಯ ತಪ್ಪನ್ನು ತಿದ್ದಲು ಬಿಡುವು ಮಾಡಿಕೊಂಡನೆಂಬ ಸಂಗತಿಯು ಆ ಮನೆಗಳವರು ಯೋಚಿಸತಕ್ಕುದಾಗಿದೆ.