ಮಂದೆ ನಡೆಸುವ ನಾಯಿಗಳ ಪರೀಕ್ಷೆ

ಬದುಕಿನುದ್ದಕ್ಕೂ ಉತ್ತರಪತ್ರಿಕೆ ತಿದ್ದಿದವರಿಗೆ ಎಲ್ಲಿ ಹೋದರೂ ಅಂಕಪಟ್ಟಿಯೇ ಕಣ್ಣಿಗೆ ಬೀಳುತ್ತದೆಂದು ನನ್ನ ಮಗಳು ಹಾಸ್ಯ ಮಾಡುವುದುಂಟು. ಆಕೆಯನ್ನು ಕಾಣಲು ಇಂಗ್ಲೆಂಡಿಗೆ ಹೋಗಿದ್ದಾಗ ಅಳಿಯಂದಿರು ಸಮೀಪದ ಹಳ್ಳಿಯ ಒಂದು ಬಯಲಿಗೆ ನನ್ನನ್ನು ಕರೆದೊಯ್ದರು. ಅಲ್ಲಿ ಕುರಿನಾಯಿಗಳ ಸ್ಪರ್ಧೆ ನಡೆದಿತ್ತು. ದೂರದ ಗುಡ್ಡದ ಮೇಲೆ ಐದು ಕುರಿಗಳು, ಈಚೆ ಗೂಟದ ಬಳಿ ನಿಂತ ಒಬ್ಬ ರೈತ, ಅವನ ಪಾದದ ಬಳಿ ಒಂದು ಕಪ್ಪು-ಬಿಳುಪು ನಾಯಿ. ಪ್ರೇಕ್ಷಕರಲ್ಲಿ ಗದ್ದಲವಿಲ್ಲ, ನಾಯಿ ಬೊಗಳುವುದಿಲ್ಲ. ಆಗಾಗ ಸಿಳ್ಳೆಯ ಸದ್ದೊಂದೇ ಕೇಳುತ್ತಿತ್ತು. ತೀರ್ಪುಗಾರರು ಮಾತ್ರ ತಲೆ ಎತ್ತಿ ನೋಡುತ್ತ, ತಲೆ ತಗ್ಗಿಸಿ ಬರೆಯುತ್ತ ಇದ್ದರು. ಏನು ಬರೆಯುತ್ತಿರಬಹುದೆಂಬ ಕುತೂಹಲವೇ ಈ ಲೇಖನಕ್ಕೆ ಕಾರಣ.

ನಮ್ಮ ಕುರುಬರ ಮಂದೆಗಳೊಂದಿಗೂ ನಾಯಿಗಳಿರುತ್ತವೆ. ಆದರೆ ಅವುಗಳ ಮುಖ್ಯ ಕೆಲಸ ಕಾವಲು. ತೋಳ ಬಂದರೆ ಎದುರಿಸಬೇಕು, ಕಳ್ಳ ಬಂದರೆ ಬೊಗಳಬೇಕು. ಮಂದೆಯನ್ನು ನಡೆಸುವವನು ಕುರುಬನೇ. ಬ್ರಿಟನ್ನಿನ ಬೆಟ್ಟಗಳಲ್ಲಿ ಸಂಗತಿ ಬೇರೆ. ಅಲ್ಲಿ ಕುರಿಗಳು ಗುಡ್ಡದ ಮೇಲೆ ಚದುರಿ ತಾವೇ ಮೇಯುತ್ತಿರುತ್ತವೆ. ಉಣ್ಣೆ ಕತ್ತರಿಸಲೋ ಸಂತೆಗೆ ಒಯ್ಯಲೋ ಬೇಕಾದಾಗ ಅವನ್ನು ಕೂಡಿಸಿ ತರಬೇಕು. ಒಬ್ಬ ಮನುಷ್ಯನ ಕಾಲಿಗೆ ಅದು ಆಗದ ಕೆಲಸ. ಅದನ್ನು ಮಾಡುವುದೇ ಆ ನಾಡಿನ ಕುರಿನಾಯಿ.

ಬ್ರಿಟನ್ನಿನಲ್ಲಿ ದಾಖಲೆಗೆ ಸಿಗುವ ಮೊದಲ ಸ್ಪರ್ಧೆ 1873ರ ಅಕ್ಟೋಬರ್ 9ರಂದು ವೇಲ್ಸ್ ಪ್ರಾಂತದ ಬಾಲಾ ಎಂಬ ಊರಿನ ಬಳಿ ನಡೆಯಿತು. ಅಲ್ಲಿನ ಜಮೀನುದಾರ ರಿಚರ್ಡ್ ಜಾನ್ ಲಾಯ್ಡ್ ಪ್ರೈಸ್ ಅದರ ವ್ಯವಸ್ಥಾಪಕ. ಹತ್ತು ನಾಯಿಗಳು ಸ್ಪರ್ಧಿಸಿದವು, ಸುಮಾರು ಮುನ್ನೂರು ಜನ ನೋಡಲು ಸೇರಿದ್ದರು. ವೇಲ್ಸಿನವರು ತಮ್ಮ ನೆಲದಲ್ಲಿ ನಡೆಸಿದ ಈ ಸ್ಪರ್ಧೆಯಲ್ಲಿ ಗೆದ್ದವನು ಅಲ್ಲಿ ನೆಲೆಸಿದ್ದ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು. ಅವನ ನಾಯಿಯ ಹೆಸರು ಟ್ವೀಡ್. ಮುಂದೆ ಇಂಥ ಸ್ಪರ್ಧೆಗಳು ಇಂಗ್ಲೆಂಡಿಗೂ ಸ್ಕಾಟ್ಲೆಂಡಿಗೂ ಹಬ್ಬಿದವು. 1906ರಲ್ಲಿ ಅಂತರರಾಷ್ಟ್ರೀಯ ಕುರಿನಾಯಿ ಸಂಘ ಸ್ಥಾಪನೆಯಾಯಿತು.

ಈ ನಡುವೆ ಒಂದು ನಾಯಿಯ ಜನನವೂ ಇತಿಹಾಸವಾಯಿತು. 1893ರಲ್ಲಿ ನಾರ್ಥಂಬರ್‌ಲ್ಯಾಂಡಿನ ಆಡಂ ಟೆಲ್ಫರ್ ಎಂಬ ರೈತನ ಮನೆಯಲ್ಲಿ ಹುಟ್ಟಿದ ಆ ನಾಯಿಯನ್ನು ‘ಓಲ್ಡ್ ಹೆಂಪ್’ ಎಂದು ಕರೆಯುತ್ತಾರೆ. ಅದರ ತಂದೆ ರಾಯ್ ಸಲಿಗೆಯ ಸ್ವಭಾವದ್ದು. ತಾಯಿ ಮೆಗ್ ಸಂಕೋಚದ್ದು, ಆದರೆ ತೀಕ್ಷ್ಣ ದೃಷ್ಟಿಯದು. ಅದುವರೆಗಿನ ಅನೇಕ ಕುರಿನಾಯಿಗಳು ಬೊಗಳಿ, ಬೆದರಿಸಿ, ಬೇಕಾದರೆ ಕಚ್ಚಿ ಕೆಲಸ ಸಾಧಿಸುತ್ತಿದ್ದವು. ಹೆಂಪ್ ಮೈ ತಗ್ಗಿಸಿ, ಮೌನವಾಗಿ, ಕಣ್ಣಿನ ನೋಟದಿಂದಲೇ ಕುರಿಗಳನ್ನು ನಡೆಸುತ್ತಿತ್ತು. ಕಂಡವರೆಲ್ಲ ಅದರ ಸಂತಾನವನ್ನು ಬಯಸಿದರು. ಎಂಟು ವರ್ಷ ಮಾತ್ರ ಬದುಕಿದ ಅದು 1901ರಲ್ಲಿ ತೀರಿಕೊಂಡಿತು. ಇಂದಿನ ಬಾರ್ಡರ್ ಕೋಲಿ ನಾಯಿಗಳ ವಂಶಾವಳಿಯನ್ನು ಹಿಂದಕ್ಕೆ ಹುಡುಕುತ್ತ ಹೋದರೆ ಬಹುಪಾಲು ಹೆಂಪ್‌ನ ಬಳಿಗೇ ತಲುಪುತ್ತೇವೆ.

ಇನ್ನು ಪರೀಕ್ಷೆಯ ನಿಯಮಗಳಿಗೆ ಬರೋಣ. ಒಟ್ಟು ನೂರು ಅಂಕಗಳು. ನಾಯಿ ದೊಡ್ಡ ಸುತ್ತು ಬಳಸಿ ಕುರಿಗಳ ಹಿಂದಕ್ಕೆ ಹೋಗುವುದಕ್ಕೆ 20, ನಿಂತ ಕುರಿಗಳನ್ನು ಮೆಲ್ಲನೆ ಕದಲಿಸುವುದಕ್ಕೆ 10, ಅವನ್ನು ನೇರ ದಾರಿಯಲ್ಲಿ ಒಡೆಯನ ಬಳಿಗೆ ತರುವುದಕ್ಕೆ 20, ಒಡೆಯನಿಂದ ದೂರಕ್ಕೆ ತ್ರಿಕೋನಾಕಾರದಲ್ಲಿ ಅಟ್ಟಿಕೊಂಡು ಹೋಗುವುದಕ್ಕೆ 30, ಮಂದೆಯಿಂದ ಕೆಲವನ್ನು ಬೇರ್ಪಡಿಸುವುದಕ್ಕೆ 10, ದೊಡ್ಡಿಗೆ ಸೇರಿಸುವುದಕ್ಕೆ 10. ದಾರಿಯಲ್ಲಿ ಏಳು ಗಜ ಅಂತರದ ದ್ವಾರಗಳನ್ನು ಇಟ್ಟಿರುತ್ತಾರೆ, ಕುರಿಗಳು ಅವುಗಳ ನಡುವೆಯೇ ಹಾಯಬೇಕು. ಕೊನೆಯಲ್ಲಿ ಒಡೆಯನು ದೊಡ್ಡಿಯ ಬಾಗಿಲಿಗೆ ಕಟ್ಟಿದ ಹಗ್ಗವನ್ನು ಹಿಡಿದು ನಿಲ್ಲಬೇಕು, ಬಿಡುವಂತಿಲ್ಲ. ಕುರಿಯನ್ನು ಮುಟ್ಟಿ ಒಳಗೆ ತಳ್ಳುವಂತೆಯೂ ಇಲ್ಲ.

ಇವೆಲ್ಲ ಯಾರೋ ಕುರ್ಚಿಯಲ್ಲಿ ಕುಳಿತು ಕಲ್ಪಿಸಿದ ನಿಯಮಗಳಲ್ಲ, ರೈತನ ದಿನನಿತ್ಯದ ಕೆಲಸವೇ ನಿಯಮವಾಗಿದೆ. ಬಳಸಿ ಹೋಗಬೇಕೇಕೆ? ನೇರವಾಗಿ ಓಡಿದರೆ ಕುರಿಗಳು ಬೆದರಿ ಗುಡ್ಡದ ಆಚೆಗೆ ಇಳಿದುಬಿಡುತ್ತವೆ. ಬೇರ್ಪಡಿಸಬೇಕೇಕೆ? ಕಾಯಿಲೆ ಬಿದ್ದ ಕುರಿಯನ್ನೋ ನೆರೆಯವನ ಕುರಿಯನ್ನೋ ಹೊರಗೆ ತೆಗೆಯಬೇಕಾಗುತ್ತದೆ. ವೇಗಕ್ಕೆಂದು ಪ್ರತ್ಯೇಕ ಅಂಕವಿಲ್ಲ, ನಿಗದಿತ ಸಮಯದೊಳಗೆ ಮುಗಿಸಿದರಾಯಿತು. ಓಡಿಸಿ ದಣಿಸಿದ ಕುರಿ ಸೊರಗುತ್ತದೆ, ಸೊರಗಿದ ಕುರಿಗೆ ಬೆಲೆಯಿಲ್ಲ.

ನನ್ನನ್ನು ಬಹಳ ಹಿಡಿದಿಟ್ಟದ್ದು ಎರಡು ಸಂಗತಿಗಳು. ಮೊದಲನೆಯದು, ಇಲ್ಲಿ ಅಂಕಗಳನ್ನು ಕೂಡಿಸುತ್ತ ಹೋಗುವುದಿಲ್ಲ. ನಾಯಿ ಬಯಲಿಗೆ ಇಳಿಯುವಾಗಲೇ ಪೂರ್ಣಾಂಕ ಅದರದು. ತಪ್ಪಿದಲ್ಲಿ ಮಾತ್ರ ಕಳೆಯುತ್ತಾರೆ. ಎರಡನೆಯದು, ಕಾರಣವಿಲ್ಲದೆ ಕುರಿಗೆ ಬಾಯಿ ಹಾಕಿ ಕಚ್ಚಿದ ನಾಯಿ ಎಷ್ಟೇ ಚೆನ್ನಾಗಿ ಓಡಿದ್ದರೂ ಸ್ಪರ್ಧೆಯಿಂದ ಹೊರಬೀಳುತ್ತದೆ. ಕಚ್ಚುವುದೆಂದರೆ ನಡೆಸಲು ಬಾರದು ಎಂಬುದರ ಒಪ್ಪಿಗೆ ಎಂದು ಅವರ ಭಾವನೆ.

ದನಗಳ ಸ್ಪರ್ಧೆಯಲ್ಲಿ ಈ ನಿಯಮ ತುಸು ಸಡಿಲ. ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲಿ ದನ ನಡೆಸುವ ನಾಯಿಗಳ ಸ್ಪರ್ಧೆಗಳು ಪ್ರಸಿದ್ಧ. ಹಸುವೊಂದು ತಿರುಗಿ ನಿಂತು ಕೊಂಬು ತೋರಿಸಿದರೆ ಬರಿಯ ನೋಟ ಸಾಲದು. ಆಗ ಮೂಗಿಗೋ ಹಿಂಗಾಲಿನ ಹಿಮ್ಮಡಿಗೋ ಒಮ್ಮೆ ಬಾಯಿ ಹಾಕಿ ತಟ್ಟನೆ ಬಿಟ್ಟರೆ ಅದು ತಪ್ಪಲ್ಲ. ಆದರೆ ಪಕ್ಕೆಗೆ ಕಚ್ಚುವುದು, ಬಾಲಕ್ಕೆ ಜೋತುಬೀಳುವುದು, ಸುಮ್ಮನೆ ನಡೆಯುತ್ತಿರುವ ಹಸುವನ್ನು ಕಚ್ಚುವುದು ಇವೆಲ್ಲ ದೋಷ. ವೇಲ್ಸಿನ ಕೋರ್ಗಿ ನಾಯಿಯೂ ಹೀಗೆಯೇ ಹಿಮ್ಮಡಿಗೆ ಬಾಯಿ ಹಾಕಿ ದನ ಹೊಡೆಯಲು ಬೆಳೆಸಿದ ತಳಿ, ಕುಳ್ಳಾಗಿರುವುದರಿಂದ ಹಸುವಿನ ಒದೆಯನ್ನು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಒಟ್ಟಿನಲ್ಲಿ ಬಲಪ್ರಯೋಗಕ್ಕೆ ಕಾರಣವಿತ್ತೇ ಎಂಬುದನ್ನು ತೀರ್ಪುಗಾರರು ಪ್ರತಿ ಬಾರಿಯೂ ಕೇಳುತ್ತಾರೆ.

1976ರಲ್ಲಿ ಬಿ.ಬಿ.ಸಿ. ದೂರದರ್ಶನ ಈ ಸ್ಪರ್ಧೆಗಳನ್ನು ‘ಒನ್ ಮ್ಯಾನ್ ಅಂಡ್ ಹಿಸ್ ಡಾಗ್’ ಎಂಬ ಹೆಸರಿನಲ್ಲಿ ಪ್ರಸಾರ ಮಾಡಲು ತೊಡಗಿದಾಗ, ಕುರಿಯನ್ನೇ ಸಾಕದ ನಗರವಾಸಿಗಳೂ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ನೋಡಿದರು. ಮೌನವಾಗಿ ನಡೆಯುವ ಆ ಕೆಲಸದಲ್ಲಿ ಅವರಿಗೇನು ಕಂಡಿತೆಂದು ಈಗ ನನಗೆ ಅರ್ಥವಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿರುವುದರಿಂದ ಒಂದು ಮಾತು ಹೇಳದೆ ಮುಗಿಸಲಾರೆ. ವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ ನಾನು ಬೆತ್ತವಿಲ್ಲದೆ ತರಗತಿಗೆ ಹೋಗುತ್ತಿರಲಿಲ್ಲ. ತರಗತಿ ನಿಶ್ಶಬ್ದವಾಗಿದ್ದರೆ ನಾನು ಸಮರ್ಥ ಉಪಾಧ್ಯಾಯನೆಂದು ಭಾವಿಸಿದ್ದೆ. ಒಮ್ಮೆ ಪಾಣಿಪತ್ ಕದನದ ಇಸವಿ ತಪ್ಪಾಗಿ ಹೇಳಿದ ಎಂಟನೆಯ ತರಗತಿಯ ಹುಡುಗನೊಬ್ಬನಿಗೆ ಅಂಗೈ ಕೆಂಪಾಗುವಂತೆ ಹೊಡೆದೆ. ಅವನು ಅಳಲಿಲ್ಲ. ಅದುವರೆಗೆ ಪ್ರತಿ ಪಾಠದಲ್ಲೂ ಏನಾದರೊಂದು ಪ್ರಶ್ನೆ ಕೇಳುತ್ತಿದ್ದವನು ಮರುದಿನ ಹಿಂದಿನ ಬೆಂಚಿಗೆ ಹೋಗಿ ಕುಳಿತ. ವರ್ಷ ಮುಗಿಯುವವರೆಗೂ ಬಾಯಿ ತೆರೆಯಲಿಲ್ಲ. ಇಸವಿಯನ್ನು ಮಾತ್ರ ಮತ್ತೆಂದೂ ತಪ್ಪಲಿಲ್ಲ. ಆಗ ಅದನ್ನು ನನ್ನ ಗೆಲುವೆಂದೇ ತಿಳಿದಿದ್ದೆ. ಬೆತ್ತವನ್ನು ಬಿಡಲು ನನಗೆ ಇನ್ನೂ ಕೆಲವು ವರ್ಷಗಳು ಬೇಕಾದವು.

ಆ ಬಯಲಿನಲ್ಲಿ ಆ ದಿನ ಒಂದು ಎಳೆಯ ನಾಯಿ ದೊಡ್ಡಿಯ ಬಾಗಿಲಲ್ಲಿ ತಾಳ್ಮೆಗೆಟ್ಟು ಕುರಿಯ ಕಾಲಿಗೆ ಬಾಯಿ ಹಾಕಿತು. ಅಲ್ಲಿಯವರೆಗೆ ಅದರ ಓಟ ಬಹಳ ಸೊಗಸಾಗಿತ್ತು. ತೀರ್ಪುಗಾರರು ಕೂಗಿ ನಿಲ್ಲಿಸಿದರು. ಒಡೆಯನು ವಾದಿಸಲಿಲ್ಲ. ಟೋಪಿ ಮುಟ್ಟಿ, ನಾಯಿಯನ್ನು ಹತ್ತಿರಕ್ಕೆ ಕರೆದು, ಬೈಯದೆ ಹೊಡೆಯದೆ ನಡೆದುಹೋದ. ನನಗೆ ಆ ಹುಡುಗನ ನೆನಪಾದದ್ದು ಆಗಲೇ. ಅವನು ಇದನ್ನು ಓದುವಂತಿದ್ದರೆ, ಅಂದಿನ ತಪ್ಪು ಅವನದಲ್ಲ, ನನ್ನದು ಎಂದು ಇಲ್ಲಿ ಬರೆದಿಟ್ಟಿದ್ದೇನೆ.