ಸಡಿಲ ಕೋಲಿನ ಚರಿತ್ರೆ

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಕಡೆಯವರಿಗೆ ಎತ್ತಿನ ಗಾಡಿಯ ಲೊಡಲೊಡ ಸದ್ದು ಹೊಸದಲ್ಲ. ಚಕ್ರ ತಿರುಗಬೇಕಾದರೆ ಅಚ್ಚಿಗೂ ಅದು ಹೊಕ್ಕ ರಂಧ್ರಕ್ಕೂ ನಡುವೆ ಕೊಂಚ ತೆರಪು ಇರಲೇಬೇಕು. ತೆರಪು ಇಲ್ಲವೆಂದರೆ ಚಕ್ರ ಕಚ್ಚಿಕೊಳ್ಳುತ್ತದೆ. ಸವೆದು ಹೆಚ್ಚಾದರೆ ಓಲಾಡುತ್ತದೆ. ಗ್ಯಾರೇಜಿನವರು ಇದನ್ನೇ ‘ಪ್ಲೇ’ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್‌ಗೆ ಜೋಡಿಸುವ ಜಾಯ್‌ಸ್ಟಿಕ್ ಕೆಲವು ವರ್ಷಗಳಲ್ಲಿ ಗಡಗಡ ಎನ್ನತೊಡಗುವುದಕ್ಕೂ ಕಾರಣ ಇದೇ.

ಸದ್ದನ್ನು ಸಹಿಸಿಕೊಳ್ಳಬಹುದು. ತೊಂದರೆ ಇರುವುದು ಕೈ ಕಲಿಯುವ ಪಾಠದಲ್ಲಿ. ಸಡಿಲ ಕೋಲನ್ನು ಸ್ವಲ್ಪ ಮುಂದೆ ತಳ್ಳುತ್ತೀರಿ, ವಿಮಾನ ಕದಲದು. ಇನ್ನಷ್ಟು ತಳ್ಳುತ್ತೀರಿ, ತೆರಪು ಮುಗಿದೊಡನೆ ವಿಮಾನದ ಮೂತಿ ಥಟ್ಟನೆ ಕೆಳಗಿಳಿಯುತ್ತದೆ. ಗಾಬರಿಯಿಂದ ಹಿಂದಕ್ಕೆ ಎಳೆದರೆ ಮತ್ತೆ ಅದೇ ತೆರಪು. ಹೀಗೆ ಮೇಲೆ ಕೆಳಗೆ ತೂಗಾಡುವುದನ್ನೇ ಹಾರಾಟವೆಂದು ಕೈ ನಂಬಿಬಿಡುತ್ತದೆ.

ನೆಲದ ಮೇಲೆಯೇ ಹಾರಾಟ ಕಲಿಸುವ ಯಂತ್ರವನ್ನು ಯಶಸ್ವಿಯಾಗಿ ರೂಪಿಸಿದವರು ಅಮೆರಿಕದ ಎಡ್ವಿನ್ ಲಿಂಕ್. ಅವರ ತಂದೆಯದು ಬಿಂಗ್‌ಹ್ಯಾಮ್ಟನ್ ಊರಿನ ಆರ್ಗನ್ ಮತ್ತು ಪಿಯಾನೊ ಕಾರ್ಖಾನೆ. ಆರ್ಗನ್ನಿನ ತಿದಿಗಳನ್ನೇ ಬಳಸಿ ಲಿಂಕ್ 1929ರ ಹೊತ್ತಿಗೆ ತರಬೇತಿ ಯಂತ್ರವನ್ನು ಸಿದ್ಧಪಡಿಸಿದರು. ಕೋಲನ್ನು ವಾಲಿಸಿದರೆ ಕವಾಟ ತೆರೆಯುತ್ತಿತ್ತು, ಪಂಪು ಗಾಳಿಯನ್ನು ಹೀರುತ್ತಿತ್ತು, ತಿದಿ ಕುಗ್ಗಿ ಪುಟ್ಟ ಕಾಕ್‌ಪಿಟ್ ಓರೆಯಾಗುತ್ತಿತ್ತು. ಮೊದಲಿಗೆ ಅದನ್ನು ಕೊಂಡವರಲ್ಲಿ ಮನೋರಂಜನಾ ಉದ್ಯಾನಗಳೂ ಸೇರಿದ್ದವು. 1934ರಲ್ಲಿ ಅಂಚೆ ಸಾಗಿಸಲು ಹೊರಟ ಸೇನಾ ಪೈಲಟ್‌ಗಳು ಕೆಟ್ಟ ಹವೆಗೆ ಸಿಕ್ಕಿ ಒಬ್ಬರ ಹಿಂದೆ ಒಬ್ಬರು ಸತ್ತ ಬಳಿಕ, ಅಮೆರಿಕದ ಸೇನೆ ಆರು ಯಂತ್ರಗಳನ್ನು ಕೊಂಡಿತು. ಆಟಿಕೆಯೆನಿಸಿದ್ದ ಯಂತ್ರ ಪಾಠಶಾಲೆಯಾಯಿತು.

ಬೆಂಗಳೂರಿಗೂ ಈ ವಿದ್ಯೆ ಅಪರಿಚಿತವಲ್ಲ. ಲಘು ಯುದ್ಧವಿಮಾನ ತೇಜಸ್ 2001ರ ಜನವರಿ 4ರಂದು ಮೊದಲ ಬಾರಿಗೆ ಮೇಲೇರಿತು. ಅದಕ್ಕೂ ಮುನ್ನ, ಅದರ ನಿಯಂತ್ರಣ ಸೂತ್ರಗಳನ್ನು ಎಡಿಇ ಸಂಸ್ಥೆಯ ಸಿಮ್ಯುಲೇಟರ್‌ನಲ್ಲಿ ಪರೀಕ್ಷಿಸಲಾಗಿತ್ತು. ತೇಜಸ್‌ನಲ್ಲಿ ಕೋಲಿನಿಂದ ರೆಕ್ಕೆಯ ಫಲಕಗಳಿಗೆ ಉಕ್ಕಿನ ಹಗ್ಗದ ಸಂಪರ್ಕವಿಲ್ಲ. ಕೋಲಿನ ಚಲನೆ ವಿದ್ಯುತ್ ಸಂಕೇತವಾಗಿ ಗಣಕಕ್ಕೆ ಹೋಗುತ್ತದೆ. ಆ ಮಟ್ಟಿಗೆ ಮನೆಯ ಜಾಯ್‌ಸ್ಟಿಕ್ ಅದರ ಬಡ ದಾಯಾದಿ ಎನ್ನಲಡ್ಡಿಯಿಲ್ಲ!

ಮನೆಗೆ ಈ ಕೋಲು ಬಂದದ್ದು ಪರ್ಸನಲ್ ಕಂಪ್ಯೂಟರ್ ಜೊತೆಗೆ. 1981ರ ಐಬಿಎಂ ಯಂತ್ರದ ಉಪಾಯ ಸೊಗಸಾದದ್ದು. ಕೋಲಿನ ಬುಡದಲ್ಲಿ 1 ಲಕ್ಷ ಓಮ್‌ವರೆಗಿನ ಬದಲಾಗುವ ರೋಧಕ, ಅಂದರೆ ಪೊಟೆನ್ಷಿಯೋಮೀಟರ್. ಅದರ ಮೂಲಕ ಒಂದು ಧಾರಕಕ್ಕೆ ವಿದ್ಯುತ್ ತುಂಬುತ್ತದೆ. ತುಂಬಲು ಹಿಡಿಯುವ ಕಾಲವೇ ಕೋಲಿನ ಸ್ಥಾನ! ಪೂರ್ತಿ 1 ಲಕ್ಷ ಓಮ್‌ಗೆ ಸುಮಾರು 1.1 ಮಿಲಿಸೆಕೆಂಡು. ಕಾರ್ಬನ್ ಪಟ್ಟಿ ಸವೆದು ರೋಧ 2,000 ಓಮ್ ಜಿಗಿದರೆ ಅಳತೆ 22 ಮೈಕ್ರೊಸೆಕೆಂಡು ತಪ್ಪುತ್ತದೆ, ಪರದೆಯ ವಿಮಾನ ಬೆಚ್ಚಿಬೀಳುತ್ತದೆ. ಹಳೆಯ ರೇಡಿಯೋದ ವಾಲ್ಯೂಮ್ ಗುಂಡಿ ಕರಕರ ಎನ್ನುವುದೂ ಇದರಿಂದಲೇ.

ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ರೋಗ ಯಾವುದೆಂದು ತಿಳಿಯಿರಿ. ಕೋಲು ಅಲುಗಿದರೂ ಪರದೆಯ ಸೂಚಕ ಕದಲದಿದ್ದರೆ ಅದು ಕೀಲಿನ ಸಡಿಲ. ಕೋಲು ಮುಟ್ಟದೆಯೂ ಸೂಚಕ ನಡುಗಿದರೆ ರೋಧಕವನ್ನು ಸಂಶಯಿಸಿ. ತಂತ್ರಾಂಶದಲ್ಲಿ ‘ಡೆಡ್ ಝೋನ್’ ಹೆಚ್ಚಿಸುವುದು ಸುಲಭ, ಆದರೆ ಅದು ನಡುಕವನ್ನು ಮುಚ್ಚಿಡುತ್ತದೆಯೇ ಹೊರತು ವಾಸಿಮಾಡುವುದಿಲ್ಲ. ಇರುವ ತೆರಪಿಗೆ ಇನ್ನೊಂದು ತೆರಪು ಸೇರಿಸುತ್ತದೆ.

ಕೇಬಲ್ ಕಿತ್ತು, ಬುಡ ಬಿಚ್ಚಿ. ಎಷ್ಟೋ ಸಲ ಹಿಡಿಕೆಯ ಸ್ಕ್ರೂ ಬಿಗಿಮಾಡಿದರೆ ಸಾಕಾಗುತ್ತದೆ. ಅಚ್ಚಿನ ರಂಧ್ರ ಸವೆದಿದ್ದರೆ, ನಲ್ಲಿ ಜೋಡಿಸುವವರು ಬಳಸುವ ಟೆಫ್ಲಾನ್ ಟೇಪನ್ನು ಅಚ್ಚಿಗೆ ಒಂದೆರಡು ಸುತ್ತು ಬಿಗಿಯಾಗಿ ಸುತ್ತಿ. ಹೆಚ್ಚು ಸುತ್ತಿದರೆ ಕೋಲು ತಾನಾಗಿ ನಡುವಿಗೆ ಮರಳದು. ಸ್ಪ್ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಅದರ ಕಿಣಿಕಿಣಿ ಅಡಗುತ್ತದೆ. ಕೈಗೆ ಸಿಕ್ಕ ಎಣ್ಣೆ ಬೇಡ, ಕೆಲವು ಪ್ಲಾಸ್ಟಿಕ್‌ಗಳು ಅದರಿಂದ ಬಿರಿಯುತ್ತವೆ. ರೋಧಕಕ್ಕೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಲವು ಬಾರಿ ತಿರುಗಿಸಿ. ಬದಲಾಯಿಸಲೇಬೇಕಾದರೆ ಅಷ್ಟೇ ಓಮ್‌ನದ್ದನ್ನು ತನ್ನಿ. ಸಾಮಾನ್ಯವಾಗಿ ‘ಬಿ’ ಗುರುತಿನವು ರೇಖೀಯ. ವಾಲ್ಯೂಮ್‌ಗೆ ಬಳಸುವ ‘ಎ’ ಗುರುತಿನವುಗಳಲ್ಲಿ ರೋಧ ಒಂದೇ ಸಮನಾಗಿ ಏರದು.

1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಇಂದಿನ ಹಲವು ಜಾಯ್‌ಸ್ಟಿಕ್‌ಗಳು ಬಳಸುತ್ತವೆ. ಕಾಂತ ಸರಿದಂತೆ ಸಂವೇದಕದ ವೋಲ್ಟೇಜ್ ಬದಲಾಗುತ್ತದೆ. ಉಜ್ಜಾಟವಿಲ್ಲ, ಹಾಗಾಗಿ ಅಲ್ಲಿ ಸವೆತವೂ ಇಲ್ಲ. ಆದರೆ ಕೋಲು ಕುಳಿತಿರುವ ಅಚ್ಚು ಎಂದಿನಂತೆ ಸವೆಯುತ್ತದೆ.

ಶಿಕ್ಷಕರು ಇದನ್ನು ತರಗತಿಯಲ್ಲಿ ಅಳೆಸಬಹುದು. ಕೋಲಿನ ಪಕ್ಕ ಸ್ಕೇಲ್ ನಿಲ್ಲಿಸಿ, ಸೂಚಕ ಕದಲುವ ಮುನ್ನ ತುದಿ ಎಷ್ಟು ಸರಿಯಿತೆಂದು ನೋಡಿ. ಅಚ್ಚಿನಿಂದ 20 ಸೆಂ.ಮೀ. ಎತ್ತರದಲ್ಲಿ 2 ಮಿ.ಮೀ. ಸರಿದರೆ ಪ್ಲೇ 0.01 ರೇಡಿಯನ್, ಅಂದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಟೇಪು ಸುತ್ತಿದ ಮೇಲೆ ಮತ್ತೊಮ್ಮೆ ಅಳೆದು ಎರಡನ್ನೂ ಪಕ್ಕಪಕ್ಕದಲ್ಲಿ ಬರೆಸಿ.